ರೇಣುಕಾದೇವಿಯ ರಫ್ ಬುಕ್ಕು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೊಸಪೇಟೆಯಲ್ಲಿ ಮೂವತ್ತೆರಡು ವರ್ಷದಿಂದ ಲೇತ್ ನಡೆಸುತ್ತಿದ್ದೇನೆ. ಗಣಿ ಜೋರಾಗಿದ್ದ ಕಾಲದಲ್ಲಿ ಸಂಡೂರಿನ ಟಿಪ್ಪರುಗಳು ನನ್ನ ಶೆಡ್ಡಿನ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಆಗ ಆ ಡ್ರೈವರುಗಳಿಂದ ಕಲಿತ ಬೈಗುಳ ಟಿಪ್ಪರುಗಳು ಹೋದ ಮೇಲೂ ನನ್ನ ಬಾಯಿ ಬಿಟ್ಟು ಹೋಗಲಿಲ್ಲ. 'ಜಂಬಣ್ಣನ ಹತ್ರ ಕೆಲಸ ಬೇಕಂದ್ರ ಮೊದಲು ಬೈಸ್ಕೋಬೇಕು' ಅನ್ನುವುದು ಊರಿಗೆಲ್ಲ ಗೊತ್ತು. ಅಂಥ ನಾನು ಒಂದು ಸಲ ಹನ್ನೊಂದು ದಿನ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಬಾಯಿ ತೆರೆಯಲೇಬೇಕಾಗಿದ್ದ ಹನ್ನೊಂದು ದಿನ. ರೇಣುಕಾದೇವಿಯ ಕಥೆ ಹೇಳಲು ಕೂತಿದ್ದು ಆ ಕಾರಣಕ್ಕೇ.

ಶುರುವಾಗಿದ್ದು ಕಂಪ್ಲಿಯ ವೀರೇಶನಿಂದ. ರೈಸ್ ಮಿಲ್ಲಿನ ಸಾಹುಕಾರರ ಮನೆಯವನು, ವಯಸ್ಸು ನಲವತ್ತೈದರ ಆಸುಪಾಸು. ಐದು ವರ್ಷದ ಹಿಂದೆ ಬಂದು ನನ್ನ ಶೆಡ್ಡಿನ ಅರ್ಧ ಭಾಗ ಬಾಡಿಗೆಗೆ ಕೇಳಿದ. ಭತ್ತದ ಚೀಲ ಒಟ್ಟಲಿಕ್ಕೆ ಇರಬೇಕು ಅಂದುಕೊಂಡು ಕೊಟ್ಟೆ. ಬಂದಿಳಿದದ್ದು ಮರದ ಪೆಟ್ಟಿಗೆಗಳು. ಒಳಗೆ ಅಲ್ಯೂಮಿನಿಯಂ ತಗಡು, ಕೊಳವೆ, ಸಾವಿರಾರು ರಿವೆಟ್ಟು, ಗೇಣು ದಪ್ಪದ ಒಂದು ಪುಸ್ತಕ.

“ಏನಲೇ ಇದು?” ಅಂದೆ.

“ವಿಮಾನ ಜಂಬಣ್ಣ. ಇಬ್ಬರು ಕುಂದ್ರೋದು. ನಾನಾ ಕಟ್ತೀನಿ, ನಾನಾ ಹಾರಸ್ತೀನಿ.”

“ಮಿಲ್ಲಿನ ಬಾಯ್ಲರ್ ಕಾವು ತಲಿಗೇರೈತೇನು ನಿನಗ?”

ಅವನು ನಕ್ಕ. ವಿಮಾನ ನಡೆಸುವ ಲೈಸೆನ್ಸು ಆಗಲೇ ಅವನ ಹತ್ತಿರ ಇತ್ತು. ಮಿಲ್ಲಿನಲ್ಲೇ ಕಟ್ಟಬಹುದಿತ್ತು, ಆದರೆ ಅಲ್ಲಿ ಹೊಟ್ಟಿನ ದೂಳು ಸಂದುಗೊಂದಿಗೆಲ್ಲ ಹೊಗುತ್ತದೆ. ಹಾಗಾಗಿ ನನ್ನ ಶೆಡ್ಡೇ ಆಗಬೇಕಿತ್ತು. ಮೊದಲ ಒಂದು ವರ್ಷ ನಾನು ಅವನನ್ನು ಕಾಡಿಸಿದ್ದು ಅಷ್ಟಿಷ್ಟಲ್ಲ. ಎರಡನೇ ವರ್ಷ ರೆಕ್ಕೆಯ ತಗಡನ್ನು ಹಿಡಿದುಕೊಂಡು ನಿಂತೆ. ಮೂರನೇ ವರ್ಷದಿಂದ ನನಗೂ ಅದರ ಹುಚ್ಚು ಹಿಡಿಯಿತು. ಬಂದವರಿಗೆಲ್ಲ 'ನಮ್ಮ ವಿಮಾನ' ಅಂತ ತೋರಿಸುತ್ತಿದ್ದೆ, ನಾಚಿಕೆ ಇಲ್ಲದೆ.

ಎಂಜಿನ್ ಕೂಡಿಸಿದ ಮೇಲೆ ಹೊಸ ತಲೆನೋವು ಹುಟ್ಟಿತು. ಹಾರಲು ಪರವಾನಗಿ ಬೇಕೆಂದರೆ ಎಂಜಿನ್ನನ್ನು ಮೊದಲು ನೆಲದ ಮೇಲೇ ಹತ್ತು ತಾಸು ಓಡಿಸಿ ತೋರಿಸಬೇಕಂತೆ. ಓಡುವಾಗ ಅದರ ಬಿಸಿ ಎಷ್ಟು, ಆಯಿಲ್ ಒತ್ತಡ ಎಷ್ಟು, ಪೆಟ್ರೋಲ್ ಒತ್ತಡ ಎಷ್ಟು, ಎಷ್ಟು ಸುತ್ತು ತಿರುಗುತ್ತಿದೆ, ಎಲ್ಲವೂ ಸೆಕೆಂಡಿಗೊಮ್ಮೆ ದಾಖಲಾಗಬೇಕು. ಆಸ್ಪತ್ರೆಯಲ್ಲಿ ರೋಗಿಯ ಜ್ವರ, ನಾಡಿ, ಬಿಪಿ ಬರೆದಿಡುವುದಿಲ್ಲವೇ, ಹಾಗೆ. ವೀರೇಶ ಮೊದಲು ಒಂದು ಕೈಯಲ್ಲಿ ಎಂಜಿನ್ನಿನ ವೇಗ ಏರಿಸುವ ಥ್ರಾಟಲ್, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ನೋಟ್‌ಬುಕ್ಕಿನಲ್ಲಿ ಬರೆಯಲು ಹೋದ. ವಿಮಾನದ ಮೂತಿಯ ಫ್ಯಾನಿನ ಗಾಳಿಗೆ ನೋಟ್‌ಬುಕ್ಕು ಹಾರಿ ಪಕ್ಕದ ಶೆಡ್ಡಿನವರ ಪೇಂಟಿನ ಡಬ್ಬಿಯಲ್ಲಿ ಬಿತ್ತು. ಮೊದಲ ಹಾರಾಟ ಅದರದೇ ಆಯಿತು ಅಂತ ನಾನು ವಾರಗಟ್ಟಲೆ ಆಡಿಕೊಂಡೆ.

“ನಮ್ಮ ಡ್ರೈಯರ್ ರೇಣುಕಾನ ಕರೀತೀನಿ” ಅಂದ ವೀರೇಶ. ಕಂಪ್ಲಿ ಸುತ್ತಿನ ಮಿಲ್ಲುಗಳಲ್ಲಿ ಭತ್ತ ಒಣಗಿಸುವ ಡ್ರೈಯರಿನ ಬಿಸಿ ಅಳೆಯುವ ತಂತಿ ಕೆಟ್ಟರೆ, ಲಾರಿ ತೂಗುವ ವೇಬ್ರಿಜ್ ತಪ್ಪು ತೂಗಿದರೆ, ಫೋನು ಹೋಗುತ್ತಿದ್ದುದು ಅವಳಿಗೆ.

“ತೂಕದ ಕಟ್ಟಿ ರಿಪೇರಿ ಮಾಡಾಕಿ ವಿಮಾನಕ್ಕ ಕೈ ಹಚ್ತಾಳೇನು?” ಅಂದೆ.

“ಬಿಸಿ ಬಿಸೀನ ಅಲ್ಲೇನ್ರಿ, ಎಲ್ಲಿದ್ರೂ?” ಅಂದ.

ಅವಳು ಸ್ಕೂಟಿ ಮೇಲೆ ಬಂದಳು. ಮೂವತ್ತನಾಲ್ಕು ಮೂವತ್ತೈದರ ಹೆಂಗಸು, ಗಿಡ್ಡನೆ ಆಳು, ಬೆನ್ನಿಗೆ ಶಾಲೆ ಮಕ್ಕಳ ಚೀಲ. ಚೀಲ ಮಗಳದ್ದೇ, ಹಳೆಯದು. ಬಂದವಳು ವಿಮಾನದ ರೆಕ್ಕೆ ನೋಡಲಿಲ್ಲ, ಬಾಲ ನೋಡಲಿಲ್ಲ, ಎಲ್ಲರಂತೆ 'ಇದು ಹಾರ್ತೈತಾ?' ಅಂತಲೂ ಕೇಳಲಿಲ್ಲ. ಸೀದಾ ಎಂಜಿನ್ ಮುಂದೆ ಕುಕ್ಕರಗಾಲಲ್ಲಿ ಕೂತು ಅರ್ಧ ತಾಸು ನೋಡಿದಳು. ಎದ್ದು, “ಒಂಬತ್ತು ಕಡೆ ಕೇಳಬೇಕು ಇದನ್ನ. ಜಂಬಣ್ಣ, ಸೆನ್ಸರ್ ಕೂಡಿಸಾಕ ನೀವು ನನಗ ನಾಕು ಬುಷ್ ತಿರುವಿ ಕೊಡಬೇಕಾಗ್ತೈತಿ” ಅಂದಳು.

ಕೊಟ್ಟೆ. ಒಂದನ್ನು ಮೂರು ಸಲ ತಿರುಗಿ ಮಾಡಿಸಿದಳು. ಮೂರನೇ ಸಲ ನಾನು ಬಾಯಿಗೆ ಬಂದಂತೆ ಬೈದೆ. ಅವಳು ಬೈಗುಳ ಮುಗಿಯುವವರೆಗೂ ತಾಳ್ಮೆಯಿಂದ ನಿಂತು, “ಆತೇನ್ರಿ? ಈಗ ಅರ್ಧ ನೂಲು ಕಮ್ಮಿ ಮಾಡ್ರಿ” ಅಂದಳು. ಅವತ್ತಿನಿಂದ ನನಗೆ ಅವಳ ಮೇಲೆ ಸ್ವಲ್ಪ ಭಯ, ಬಹಳ ವಿಶ್ವಾಸ.

ಅವಳ ಅಪ್ಪ ಪರಶುರಾಮಣ್ಣ ಟಿ.ಬಿ. ಡ್ಯಾಂ ಕಡೆಯ ಕಾಲುವೆಯೊಂದರಲ್ಲಿ ಗೇಜ್ ರೀಡರ್ ಆಗಿದ್ದವರು. ಕಾಲುವೆಯ ಗೋಡೆಗೆ ಅಡಿ ಇಂಚು ಬರೆದ ಪಟ್ಟಿ ಇರುತ್ತದೆ. ತಾಸಿಗೊಮ್ಮೆ ಹೋಗಿ ನೀರು ಎಲ್ಲಿದೆ ನೋಡಿ ಬರೆಯುವುದು ಕೆಲಸ. ಅದನ್ನು ಅವರು ಮೂವತ್ತು ವರ್ಷ ಮಾಡಿದರು. ಅವರ ಹತ್ತಿರ ಎರಡು ಪುಸ್ತಕ ಇರುತ್ತಿದ್ದವು. ದಂಡೆಯ ಮೇಲೆ ನಿಂತು ಕಂಡದ್ದನ್ನು ಕಂಡಹಾಗೆ ಗೀಚುವುದು ರಫ್ ಬುಕ್ಕಿನಲ್ಲಿ. ಮನೆಗೆ ಬಂದು ಕೈಕಾಲು ತೊಳೆದು ದುಂಡಗೆ ನಕಲು ಮಾಡುವುದು ಫೇರ್ ಬುಕ್ಕಿನಲ್ಲಿ. ನಕಲು ಮಾಡುವಾಗ ಒಂದು ನಿಯಮ: ನೀರು ಜಿಗಿಯುವುದಿಲ್ಲ. ಹಿಂದಿನ ತಾಸಿಗೂ ಈ ತಾಸಿಗೂ ಒಮ್ಮೆಲೇ ಗೇಣು ವ್ಯತ್ಯಾಸ ಬಂದಿದ್ದರೆ ಅದು ನೀರಿನ ತಪ್ಪಲ್ಲ, ಕಣ್ಣಿನ ತಪ್ಪು. ಅಲೆ ಬಡಿದಿರುತ್ತದೆ, ಇಲ್ಲವೇ ಕಸ ಸಿಕ್ಕಿರುತ್ತದೆ. ಅಂಥದ್ದನ್ನು ಬಿಟ್ಟು ಹಿಂದಿನ ಅಂಕಿಯನ್ನೇ ಬರೆಯಬೇಕು. ನೋಡಲು ಹೋಗಲಿಕ್ಕೇ ಆಗದ ತಾಸು ಇದ್ದರೆ ಮಾತ್ರ ಆ ಸಾಲು ಖಾಲಿ ಬಿಡಬೇಕು. ಊಹೆ ಮಾಡಿ ತುಂಬುವಂತಿಲ್ಲ. ರೇಣುಕಾ ಅಕ್ಷರ ಕಲಿತದ್ದೇ ಆ ಪುಸ್ತಕಗಳ ಪಕ್ಕದಲ್ಲಿ ಕೂತು.

ಐಟಿಐ ಮಾಡಿ ತೋರಣಗಲ್ಲು ಕಡೆ ಕಾರ್ಖಾನೆಯಲ್ಲಿ ಏಳು ವರ್ಷ ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್ ಆಗಿದ್ದಳು. ಮಗಳು ಹುಟ್ಟಿದ ಮೇಲೆ ಶಿಫ್ಟು ಹೊಂದಲಿಲ್ಲ. ಬಿಟ್ಟು, ಚೀಲ ಬೆನ್ನಿಗೇರಿಸಿ, ಮಿಲ್ಲುಗಳಿಗೆ ತಿರುಗತೊಡಗಿದಳು. ಮೊದಮೊದಲು ಮಿಲ್ಲಿನವರು 'ನಿಮ್ಮ ಗಂಡ ಬರಂಗಿಲ್ಲೇನು?' ಅಂತ ಕೇಳುತ್ತಿದ್ದರಂತೆ. ಯಾರ ಮನೆಯವಳು ಅಂತ ವಿಚಾರಿಸಿ ಆಮೇಲೆ ಕುರ್ಚಿ ಕೊಡದವರೂ ಇದ್ದರು. ಇವಳು ನಿಂತೇ ಕೆಲಸ ಮುಗಿಸಿ ಬರುತ್ತಿದ್ದಳು. ಅವಳು ತೂಗಿ ತೋರಿಸಿದ ತೂಕ ತಪ್ಪಲಿಲ್ಲ. 'ರೇಣುಕಾ ಹೇಳಿದ್ಲಂದ್ರ ಮುಗೀತು' ಅನ್ನುವ ಮಾತು ಹುಟ್ಟಲು ಆರು ವರ್ಷ ಹಿಡಿಯಿತು. ಅವಳ ಆಸ್ತಿ ಅಂತ ಇದ್ದದ್ದು ಆ ಮಾತು ಒಂದೇ.

ನಮ್ಮ ಎಂಜಿನ್ನಿನ ಅಂಕಿಗಳು ಶುರುವಿನಲ್ಲಿ ಕುಣಿದವು. ಪ್ಲಗ್ಗಿನ ಕಿಡಿ ವೈರುಗಳಲ್ಲಿ ನುಗ್ಗಿ ಆಯಿಲ್ ಬಿಸಿ ಒಂದು ಕ್ಷಣ ತೊಂಬತ್ತು, ಇನ್ನೊಂದು ಕ್ಷಣ ಇನ್ನೂರು ಅಂತ ತೋರಿಸುತ್ತಿತ್ತು. ಅವಳು ವೈರುಗಳನ್ನೆಲ್ಲ ಬಿಚ್ಚಿ ಬೇರೆ ದಾರಿಯಲ್ಲಿ ಎಳೆದಳು, ಅರ್ಥಿಂಗ್ ಎಲ್ಲ ಒಂದೇ ಬೋಲ್ಟಿಗೆ ತಂದಳು. ಕುಣಿತ ಮುಕ್ಕಾಲು ನಿಂತಿತು. ಉಳಿದ ಕಾಲು ಭಾಗಕ್ಕೆ, ಅಂಕಿ ಬರೆದಿಡಲು ತಾನು ಕೂಡಿಸಿದ್ದ ಲಾಗರ್ ಪೆಟ್ಟಿಗೆಯ ಪ್ರೋಗ್ರಾಂನಲ್ಲಿ ಅಪ್ಪನ ನಿಯಮ ಹಾಕಿದಳು: ಅಂಕಿ ಒಮ್ಮೆಲೇ ಜಿಗಿದರೆ ಬಿಡು, ಹಿಂದಿನದನ್ನೇ ಬರಿ. ಮೆಮೊರಿ ಕಾರ್ಡಿನಲ್ಲಿ ಎರಡು ಫೈಲು ಆಗುತ್ತಿದ್ದವು. ಒಂದಕ್ಕೆ ಫೇರ್ ಅಂತ ಹೆಸರು, ಇನ್ನೊಂದಕ್ಕೆ ರಫ್.

“ಎರಡ್ಯಾಕ?” ಅಂದೆ.

“ನಮ್ಮನ್ಯಾಗ ರಫ್ ಇಲ್ದ ಫೇರ್ ಬರಿಯಂಗಿಲ್ಲ ಜಂಬಣ್ಣ.”

“ರಫ್ ಯಾರು ನೋಡ್ತಾರ?”

“ಯಾರೂ ನೋಡಂಗಿಲ್ಲ” ಅಂತ ನಕ್ಕಳು.

ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. ಪೆಟ್ರೋಲ್ ಒತ್ತಡದ ಸೆನ್ಸರಿಗೆ ಜಾಗ ಸಾಲದೆ ಪೆಟ್ರೋಲ್ ಪಂಪನ್ನು ಎರಡು ಇಂಚು ಸರಿಸಬೇಕಾಯಿತು. ಸರಿಸಿದ ಮೇಲೆ ವಿಮಾನದ ಕಿಟ್ಟಿನ ಪೆಟ್ಟಿಗೆಗಳಲ್ಲಿ ಬಂದಿದ್ದ ಪೆಟ್ರೋಲಿನ ರಬ್ಬರ್ ಹೋಸು ಗಿಡ್ಡವಾಯಿತು. ಕಂಪ್ಲಿಯಲ್ಲಿ ಸುಗ್ಗಿ ನಡೆದಿತ್ತು, ವೀರೇಶ ಇರಲಿಲ್ಲ. ನಾನು ನನ್ನ ಅಟ್ಟದಿಂದ ಕಪ್ಪು ಹೋಸು ತೆಗೆದು ಅಳತೆಗೆ ಕೊಯ್ದು ಹಾಕಿದೆ. ಗಣಿಯ ಗಾಡಿಗಳಿಗೆ ಇಪ್ಪತ್ತು ವರ್ಷ ಅದನ್ನೇ ಹಾಕಿದ್ದೆ, ಒಂದೂ ಸೀಳಿರಲಿಲ್ಲ. ಮೇಲೆ ಬೆಂಕಿ ತಡೆಯುವ ಕೆಂಪು ಕವರು ಎಳೆದೆ.

ರೇಣುಕಾ ನೋಡುತ್ತಿದ್ದಳು. “ಜಂಬಣ್ಣ, ಇದು ಡೀಸೆಲ್ ಹೋಸಲ್ಲೇನ್ರಿ? ಪೆಟ್ರೋಲಿಗೆ ಆಗ್ತೈತಾ?”

“ಹೋಸ್ ಬಗ್ಗೆ ನನಗ ಹೇಳಿಕೊಡ್ತೀಯೇನು? ನಿನ್ನ ವೈರ್ ನೋಡ್ಕೋ ಹೋಗು” ಅಂದೆ.

ಅವಳು ತನ್ನ ವೈರಿನ ಕಡೆ ತಿರುಗಿದಳು. ನಾನು ಅದನ್ನು ಮರೆತೂ ಬಿಟ್ಟೆ. ಸಂಜೆ ವೀರೇಶ ಫೋನ್ ಮಾಡಿ 'ಪಂಪ್ ಸರಿ ಕುಂತತಾ?' ಅಂದಾಗ 'ಎಲ್ಲಾ ಟೈಟ್ ಐತಿ' ಅಂದೆ.

ಎರಡು ತಿಂಗಳಲ್ಲಿ ಹತ್ತು ತಾಸು ಮುಗಿಯಿತು. ಫೇರ್ ಫೈಲಿನ ಗ್ರಾಫು ನೋಡಬೇಕಿತ್ತು ನೀವು! ಒಂಬತ್ತು ಗೆರೆ, ಒಂದೊಂದೂ ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ನುಣ್ಣಗೆ. ನೋಡಿದ ಅಧಿಕಾರಿಗಳು ಒಪ್ಪಿದರು. ವೀರೇಶ ಗ್ರಾಫನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಮಿಲ್ಲಿನ ಆಫೀಸಿನಲ್ಲಿ ಹಚ್ಚಿದ. ಒಂದು ಪ್ರತಿ ರೇಣುಕಾಗೂ ಕೊಟ್ಟ. ಮೊದಲ ಹಾರಾಟ ಭಾನುವಾರ ಬೆಳಿಗ್ಗೆ ಅಂತ ಗೊತ್ತಾಯಿತು. ಸಂಡೂರಿನ ಹಾದಿಯಲ್ಲಿ ಹಿಂದೆ ಯಾರೋ ಗಣಿಯವರು ಸ್ವಂತ ವಿಮಾನಕ್ಕೆಂದು ಮಾಡಿಸಿ ಬಿಟ್ಟುಹೋದ ಒಂದು ರನ್‌ವೇ ಪಟ್ಟಿ ಇದೆ. ವೀರೇಶ ಅದನ್ನು ಸರಿಮಾಡಿಸಿ ಒಪ್ಪಿಗೆ ತಗೊಂಡಿದ್ದ. ಪಟ್ಟಿಯ ಒಂದು ತುದಿಗೆ ಹೊಲ, ಇನ್ನೊಂದು ತುದಿಗೆ ಗುಡ್ಡ. ವಿಮಾನ ಗಾಳಿಗೆ ಎದುರಾಗಿಯೇ ಏರಬೇಕು, ಗಾಳಿ ಯಾವಾಗಲೂ ಗುಡ್ಡದ ಕಡೆಯಿಂದ ಬೀಸುವುದರಿಂದ ಏರುವುದು ಗುಡ್ಡದ ಕಡೆಗೇ.

ಆ ಭಾನುವಾರ ರೇಣುಕಾ ಅಪ್ಪನನ್ನು ಕರೆದುಕೊಂಡು ಬರುತ್ತೇನೆ ಅಂದಿದ್ದಳು. ಮುಂದಿನದು ಅವಳೇ ಆಮೇಲೆ ಹೇಳಿದ್ದು. ಏಳು ಗಂಟೆಗೆ ಟಿ.ಬಿ. ಡ್ಯಾಂ ಹತ್ತಿರದ ಅಪ್ಪನ ಮನೆಗೆ ಹೋದಳು. ಪರಶುರಾಮಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು, ಬುದ್ಧನ ಫೋಟೋದ ಕೆಳಗಿನ ಕುರ್ಚಿಯಲ್ಲಿ ತಯಾರಾಗಿ ಕೂತಿದ್ದರು. ಚಹಾ ಆಗುವವರೆಗೆ ನೋಡಲಿ ಅಂತ ಗ್ರಾಫಿನ ಪ್ರಿಂಟು ಕೈಗಿಟ್ಟಳು. ಅವರು ಕನ್ನಡಕ ಏರಿಸಿ ಒಂದೊಂದು ಗೆರೆಯ ಮೇಲೂ ಬೆರಳಾಡಿಸಿದರು.

“ಭಾಳ ಚೆಂದ ಬರ್ದೀಯವ್ವ. ಇದು ಫೇರ್ ಬುಕ್ಕು. ರಫ್ ಎಲ್ಲೈತಿ?”

“ಕಾರ್ಡಿನ್ಯಾಗ ಐತಪ್ಪಾ. ಅದರಾಗೇನೈತಿ, ಬರೇ ಕಸ. ಜಿಗಿದಿದ್ದೆಲ್ಲಾ ತೆಗೆದು ಹಾಕೀನಲ್ಲ, ನೀವ ಹೇಳಿದಂಗ.”

“ನೋಡೀಯಾ?”

“ಇಲ್ಲ.”

“ನೋಡದ ಕಸ ಅಂದ್ರ ಹೆಂಗವ್ವ? ನಾನು ಬಿಡೋ ಮುಂದ ಒಂದೊಂದೂ ನೋಡಿ ಬಿಡ್ತಿದ್ನಿ.” ಪ್ರಿಂಟನ್ನು ಮಡಚುತ್ತ ಮತ್ತೆ ಅಂದರಂತೆ: “ನೀರು ಜಿಗಿಯಂಗಿಲ್ಲ ಅಂದೀನಿ. ಬೆಂಕಿ ಜಿಗಿಯಂಗಿಲ್ಲ ಅಂತ ನಾ ಯಾವಾಗ ಅಂದೆ?”

ಲ್ಯಾಪ್‌ಟಾಪು ಚೀಲದಲ್ಲೇ ಇತ್ತು, ಅದರಲ್ಲಿ ಕಾರ್ಡಿನ ನಕಲೂ ಇತ್ತು. ತೆಗೆದು ರಫ್ ಫೈಲು ಬಿಚ್ಚಿದಳು. ಶುರುವಿನ ತಾಸುಗಳಲ್ಲಿ ಕಿಡಿಯ ಕಸವೇ, ಮೇಲಕ್ಕೂ ಕೆಳಕ್ಕೂ. ಕೊನೆಯ ಮೂರು ತಾಸಿನಲ್ಲಿ ಬೇರೆ ಥರದ ಜಿಗಿತಗಳಿದ್ದವು. ಎಲ್ಲವೂ ಪೆಟ್ರೋಲ್ ಒತ್ತಡದ್ದೇ. ಎಲ್ಲವೂ ಕೆಳಕ್ಕೇ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಫುಲ್ ಥ್ರಾಟಲ್ ಕೊಟ್ಟಾಗ ಮಾತ್ರ, ಎರಡು ಮೂರು ಸೆಕೆಂಡು ಬಿದ್ದು ಮತ್ತೆ ಏಳುತ್ತಿತ್ತು. ಕಾರ್ಬುರೇಟರಿನ ಬಟ್ಟಲಲ್ಲಿ ಅಷ್ಟು ಪೆಟ್ರೋಲು ಇದ್ದೇ ಇರುತ್ತದೆ, ಹಾಗಾಗಿ ಎಂಜಿನ್ನು ಕೆಮ್ಮಿರಲಿಲ್ಲ, ನಮ್ಮ ಕಿವಿಗೆ ಬಿದ್ದಿರಲಿಲ್ಲ. ಹನ್ನೊಂದು ಕಡೆ ಎಂಜಿನ್ನು ತನ್ನ ರೋಗ ಹೇಳಿಕೊಂಡಿತ್ತು. ಹನ್ನೊಂದು ಕಡೆಯೂ ಇವಳ ಪ್ರೋಗ್ರಾಂ ಅದರ ಬಾಯಿ ಮುಚ್ಚಿಸಿ ಹಿಂದಿನ ಅಂಕಿ ಬರೆದಿತ್ತು.

ವೀರೇಶನಿಗೆ ಫೋನ್ ಮಾಡಿದಳು, ನನಗೂ ಮಾಡಿದಳು. ಆ ಗುಡ್ಡಗಳ ನಡುವೆ ಸಿಗ್ನಲ್ಲು ಎಲ್ಲಿಯದು? ಚಹಾ ಒಲೆಯ ಮೇಲೆಯೇ ಬಿಟ್ಟು, ಅಪ್ಪನನ್ನು ಹಿಂದೆ ಕೂರಿಸಿಕೊಂಡು ಸ್ಕೂಟಿ ಬಿಟ್ಟಳು.

ಪಟ್ಟಿಯಲ್ಲಿ ನಾವೆಲ್ಲ ನೆರೆದಿದ್ದೆವು. ವೀರೇಶನ ಹೆಂಡತಿ ಸುನಿತಾ, ತಾಯಿ ಕೊಟ್ರಬಸಮ್ಮ, ಮಿಲ್ಲಿನ ಹತ್ತು ಹನ್ನೆರಡು ಜನ. ಕೊಟ್ರಬಸಮ್ಮನವರ ಕೈಯಲ್ಲಿ ತೆಂಗಿನಕಾಯಿ. ಮಗ ಮೇಲೆ ಹೋಗಿ ಸುರಕ್ಷಿತವಾಗಿ ಇಳಿದ ಮೇಲೆಯೇ ಒಡೆಯುತ್ತೇನೆ ಅಂತ ಹಟ ಹಿಡಿದಿದ್ದರು. ವೀರೇಶ ಎಂಜಿನ್ ಬಿಸಿ ಮಾಡಿ, ಹೊಲದ ತುದಿಗೆ ಹೋಗಿ, ಗುಡ್ಡದ ಕಡೆ ಮುಖ ತಿರುಗಿಸಿ ನಿಂತ. ನಾನು ಕೈ ಎತ್ತಿದ್ದೆ. ಆಗ ಗೇಟಿನಿಂದ ಸ್ಕೂಟಿ ನುಗ್ಗಿತು. ನಮ್ಮ ಕಡೆ ಬರಲಿಲ್ಲ. ಸೀದಾ ಪಟ್ಟಿಯ ನಟ್ಟನಡುವೆ ಹೋಗಿ ಅಡ್ಡ ನಿಂತಿತು. ಪರಶುರಾಮಣ್ಣ ಇಳಿದು ಮಗಳ ಪಕ್ಕದಲ್ಲಿ ನಿಂತರು.

ನಾನು ಓಡಿದೆ. “ಲೇ! ತಲಿ ನೆಟ್ಟಗೈತೇನು ನಿನಗ? ಫ್ಯಾನಿಗೆ ಸಿಕ್ಕು ಸಾಯ್ತೀಯೇನು? ಐದು ವರ್ಷದ ಕೆಲಸ, ಇವತ್ತ ಆಗಬೇಕೇನು ನಿನ್ನ ನಾಟಕ?” ಇನ್ನೂ ಏನೇನೋ ಅಂದೆ, ಅವಳ ಅಪ್ಪ ಅಲ್ಲೇ ಇದ್ದಾರೆ ಅನ್ನುವುದನ್ನೂ ನೋಡದೆ. ಅದನ್ನೆಲ್ಲ ಬರೆಯಲು ನನಗೀಗ ನಾಚಿಕೆ.

ವೀರೇಶ ಎಂಜಿನ್ ಆರಿಸಿ ಇಳಿದು ಬಂದ. ಅವನ ಮುಖವೂ ಕೆಂಪಗಿತ್ತು. “ಏನಾತು ರೇಣುಕಾ?”

“ಹಾರಬ್ಯಾಡ್ರಿ ಸಾವ್ಕಾರ್ರ. ನಾ ಬರೆದುಕೊಟ್ಟ ಗ್ರಾಫ್ ಸುಳ್ಳೈತಿ.”

ಮಿಲ್ಲಿನ ಜನ ಹತ್ತಿರ ಬಂದರು. ಅವಳು ಅವರೆಲ್ಲರ ಎದುರಿಗೇ ಹೇಳಿದಳು, ದನಿ ತಗ್ಗಿಸಲಿಲ್ಲ. ಜಿಗಿದ ಅಂಕಿಗಳನ್ನು ತೆಗೆದುಹಾಕಿದ್ದು, ರಫ್ ನೋಡದೇ ಇದ್ದದ್ದು, ಹನ್ನೊಂದು ಕಡೆ ಒತ್ತಡ ಬಿದ್ದದ್ದು. ವೀರೇಶ ಒಪ್ಪಲು ತಯಾರಿರಲಿಲ್ಲ.

“ಕಿಡಿ ಕಸ ಇರಬೇಕು. ನೀನಾ ಹೇಳಿದ್ಯಲ್ಲ, ವೈರಿನ್ಯಾಗ ಬರ್ತೈತಂತ.”

“ಇರಬಹುದು. ಇಲ್ದನೂ ಇರಬಹುದು. ನನಗ ಗೊತ್ತಿಲ್ಲ. ಅದಕ್ಕಾ ಹಾರಬ್ಯಾಡ್ರಿ ಅಂದೆ. ಬಾಲ ಕಟ್ಟಿ, ಬಿಸಿ ಎಂಜಿನ್ನಿಗೆ ಫುಲ್ ಕೊಡ್ರಿ. ನಾನು ರಫ್ ಅಷ್ಟ ನೋಡ್ತೀನಿ. ಏನೂ ಆಗ್ಲಿಲ್ಲಂದ್ರ ಎಲ್ಲಾರ ಮುಂದ ನನ್ನನ್ನ ಬೈರಿ.”

ಕೊಟ್ರಬಸಮ್ಮ ಅಂದರು: “ಆಕಿ ಹೇಳಿದಂಗ ಮಾಡಪ್ಪ. ಕಾಯಿ ಎಲ್ಲೂ ಓಡಿಹೋಗಂಗಿಲ್ಲ.”

ಬಾಲವನ್ನು ಮಿಲ್ಲಿನ ಲಾರಿಗೆ ಹಗ್ಗದಿಂದ ಕಟ್ಟಿದೆವು, ಗಾಲಿಗೆ ಕಲ್ಲು ಕೊಟ್ಟೆವು. ರೇಣುಕಾ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕೂತಳು. ಪರಶುರಾಮಣ್ಣ ಅಂಗಿಯ ಜೇಬಿನಿಂದ ಸಣ್ಣ ಪುಸ್ತಕ ತೆಗೆದರು. ವೀರೇಶ ಫುಲ್ ಥ್ರಾಟಲ್ ಕೊಟ್ಟ. ಒಂದು ನಿಮಿಷ. ಎರಡು. ಮೂರು ಆಯಿತು, ಎಂಜಿನ್ನು ಗಡಿಯಾರದ ಹಾಗೆ ನಡೆಯುತ್ತಿತ್ತು. ನಾನು ರೇಣುಕಾಳ ಕಡೆ ನೋಡಿ 'ಕಂಡ್ಯಾ?' ಅನ್ನುವಂತೆ ಕೈ ಮಾಡಿದೆ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನಾಲ್ಕನೇ ನಿಮಿಷದಲ್ಲಿ ಅವಳು ಕೈ ಎತ್ತಿದಳು. ಎಂಜಿನ್ನು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ನಿಂತೇ ಹೋಯಿತು. ಫ್ಯಾನು ಅರ್ಧ ಸುತ್ತಿಗೆ ಗಕ್ಕನೆ ನಿಂತಿತು.

ಪರಶುರಾಮಣ್ಣ ಕೈಗಡಿಯಾರ ನೋಡಿ ಪುಸ್ತಕದಲ್ಲಿ ಹೊತ್ತು ಬರೆದುಕೊಂಡರು. ವೀರೇಶ ಕೂತಲ್ಲಿಯೇ ಕೂತು ಎದುರಿಗಿನ ಗುಡ್ಡ ನೋಡುತ್ತಿದ್ದ. ನಾಲ್ಕನೇ ನಿಮಿಷಕ್ಕೆ ಅವನು ಆ ಗುಡ್ಡದ ಮೇಲಿರುತ್ತಿದ್ದ. ಅಲ್ಲಿ ಇಳಿಯಲು ಒಂದು ಮೇಕೆಗೂ ಜಾಗವಿಲ್ಲ. ಕೊಟ್ರಬಸಮ್ಮ ಕಾಯಿ ತಬ್ಬಿಕೊಂಡು ನೆಲದ ಮೇಲೆ ಕೂತುಬಿಟ್ಟರು.

ಪೆಟ್ರೋಲಿನ ದಾರಿ ಹಿಡಿದು ಒಂದೊಂದಾಗಿ ಬಿಚ್ಚಿದೆವು. ಟ್ಯಾಂಕು ಸರಿಯಿತ್ತು, ಫಿಲ್ಟರು ಸರಿಯಿತ್ತು. ಕೆಂಪು ಕವರಿನ ಹೋಸು ಬಿಚ್ಚಿ ವೀರೇಶ ಬ್ಲೇಡಿನಿಂದ ಉದ್ದಕ್ಕೆ ಸೀಳಿದ. ಹೊರಗೆ ಗಟ್ಟಿಯಾಗಿದ್ದ ರಬ್ಬರು ಒಳಗೆ ನೆನೆಸಿದ ಕಡಲೆಯ ಹಾಗೆ ಉಬ್ಬಿ, ಪದರ ಬಿಟ್ಟು, ನಾಲಿಗೆಯಂತೆ ಜೋತು ಬಿದ್ದಿತ್ತು. ಬಿಸಿಯಾಗಿ ಪಂಪು ಜೋರಾಗಿ ಎಳೆದಾಗ ಆ ನಾಲಿಗೆ ದಾರಿಗೆ ಅಡ್ಡ ಬೀಳುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಸುತ್ತಾರೆ. ಡೀಸೆಲಿನ ಹೋಸು ಅದನ್ನು ತಡೆಯುವುದಿಲ್ಲ.

ನನ್ನ ಹೋಸು.

“ಐದು ವರ್ಷ ಪೆಟ್ಟಿಗ್ಯಾಗ ಇತ್ತಲ್ಲ ಕಿಟ್ಟು, ಒಳಗ ಕೊಳೆತೈತಿ ನೋಡ್ರಿ” ಅಂದ ವೀರೇಶ, ಹೋಸನ್ನು ನನ್ನ ಕೈಗಿಡುತ್ತ.

ಆಗ ಹೇಳಬೇಕಿತ್ತು. ಒಂದೇ ಮಾತು. ತಾಸಿನ ಹಿಂದೆ ಅದೇ ಜನರ ಎದುರು ಅವಳನ್ನು ಬೈದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ರೇಣುಕಾ ಒಮ್ಮೆ ನನ್ನ ಮುಖ ನೋಡಿದಳು. ನಾನು ಹೋಸು ನೋಡಿದೆ. ಅವಳು ಬಗ್ಗಿ ತನ್ನ ವೈರು ಸುತ್ತತೊಡಗಿದಳು.

ಮುಂದಿನದು ಬೇಗ ಬೇಗ ಆಯಿತು. ಹತ್ತು ತಾಸಿನ ದಾಖಲೆ ರದ್ದು ಮಾಡಬೇಕೆಂದು ವೀರೇಶ ಅಧಿಕಾರಿಗಳಿಗೆ ಕಾಗದ ಬರೆದ. ಕಾರಣ: ಲಾಗರ್ ಪ್ರೋಗ್ರಾಂನಲ್ಲಿ ತಪ್ಪು. ಮಾಡಿದವರ ಹೆಸರು: ರೇಣುಕಾದೇವಿ. ಹೆಸರು ಹಾಕಿ ಅಂತ ಅವಳೇ ಹೇಳಿ ಬರೆಸಿದಳು. ಹೋಸಿನ ಮುಂದೆ 'ಹಳೆಯದಾಗಿತ್ತು' ಅಂತಷ್ಟೇ ಬಿತ್ತು. ಅವತ್ತು ರನ್‌ವೇ ಪಟ್ಟಿಯಲ್ಲಿದ್ದ ಮಿಲ್ಲಿನ ಜನ ಸುಮ್ಮನಿರುತ್ತಾರೆಯೇ? ಅವಳು ಜೀವ ಉಳಿಸಿದ್ದು ಯಾರಿಗೂ ನೆನಪಿರಲಿಲ್ಲ. 'ಆಕಿ ಮಷೀನು ಸುಳ್ಳು ಬರಿತೈತಂತ, ಆಕೀನಾ ಒಪ್ಪಿದ್ಲು' ಅನ್ನುವುದು ಕಂಪ್ಲಿಯ ತುಂಬ ಹಬ್ಬಿತು. ವಾರದೊಳಗೆ ಎರಡು ಮಿಲ್ಲಿನವರು ವೇಬ್ರಿಜ್ಜಿಗೆ ಬಳ್ಳಾರಿಯಿಂದ ಬೇರೆ ಯಾರನ್ನೋ ಕರೆಸಿದರು. ಆರು ವರ್ಷದ ಆಸ್ತಿ ಆರು ದಿನದಲ್ಲಿ ಕರಗುವುದನ್ನು ನಾನು ಶೆಡ್ಡಿನಲ್ಲಿ ಕೂತು ಕೇಳಿಸಿಕೊಂಡೆ.

ಅವಳು ದಿನಾ ಬರುತ್ತಿದ್ದಳು. ತನ್ನ ನಿಯಮ ತೆಗೆದು ಪ್ರೋಗ್ರಾಂ ಮತ್ತೆ ಬರೆದಳು. ನನಗೆ 'ಬಂದ್ಯಾ' ಅನ್ನುವಷ್ಟೂ ದನಿ ಇರಲಿಲ್ಲ. ಸಮಾಧಾನಕ್ಕೆ ಮನಸ್ಸು ನೂರು ನೆಪ ಹುಡುಕಿತು: ಸತ್ತವರು ಯಾರೂ ಇಲ್ಲ, ಅವಳ ತಪ್ಪೂ ಇತ್ತಲ್ಲ, ಈಗ ಹೇಳಿದರೆ ಮೂವತ್ತೆರಡು ವರ್ಷದ ಹೆಸರು ಏನಾದೀತು. ಲೇತಿನ ಹುಡುಗರಿಗೆ ಬೈದೆ, ಚಹಾದವನಿಗೆ ಬೈದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನನ್ನದಾಗಿತ್ತು, ಆದರೆ ಯಾರೂ ಕಳ್ಳ ಅಂದಿರಲಿಲ್ಲ.

ಐದನೆಯ ದಿನ ಅವಳು ಉದ್ದನೆಯ ಒಂದು ಪುಸ್ತಕ ತಂದು ಎಂಜಿನ್ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗುಹಾಕಿದಳು. ಅಪ್ಪನ ಹಳೆಯ ಪುಸ್ತಕಗಳಲ್ಲಿ ಬರೆಯದೆ ಉಳಿದಿದ್ದ ಒಂದು. ಎಂಜಿನ್ನಿಗೆ ಯಾರು ಯಾವಾಗ ಏನು ಮಾಡಿದರು ಅಂತ ಮೊದಲಿನಿಂದ ಬರೆಯುತ್ತಿದ್ದೇನೆ ಅಂದಳು. ನಾನು ಅದರ ಹತ್ತಿರ ಸುಳಿಯಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಅವಳು ಊಟಕ್ಕೆ ಹೋಗಿದ್ದಾಗ ತೆರೆದೆ. ದುಂಡನೆಯ ಅಕ್ಷರ. ಸೆನ್ಸರ್ ಕೂಡಿಸಿದ್ದು, ರೇಣುಕಾ. ಬುಷ್ ಮಾಡಿದ್ದು, ಜಂಬುನಾಥ್, ಅಂದರೆ ನಾನು. ಪ್ರೋಗ್ರಾಂನಲ್ಲಿ ತಪ್ಪು ನಿಯಮ ಹಾಕಿದ್ದು, ರಫ್ ನೋಡದೇ ಇದ್ದದ್ದು, ರೇಣುಕಾ. ಅದರ ನಡುವೆ: ಪಂಪ್ ಎರಡು ಇಂಚು ಸರಿಸಿದ್ದು, ಜಂಬುನಾಥ್ ಮತ್ತು ರೇಣುಕಾ. ಅದರ ಕೆಳಗೆ ಒಂದು ಸಾಲು ಖಾಲಿ. ಇಡೀ ಪುಟದಲ್ಲಿ ಖಾಲಿ ಇದ್ದದ್ದು ಅದೊಂದೇ.

ಕಾಲುವೆಯ ಪುಸ್ತಕದ ನಿಯಮ ನನಗೆ ಗೊತ್ತಿತ್ತು. ತಾನು ನೋಡದ್ದನ್ನು ಊಹೆ ಮಾಡಿ ತುಂಬುವಂತಿಲ್ಲ. ಆದರೆ ಇದನ್ನು ಅವಳು ಕಣ್ಣಾರೆ ನೋಡಿದ್ದಳು. ನೋಡಿಯೂ ಬರೆಯದೆ, ನನಗೆ ಬಿಟ್ಟಿದ್ದಳು. ಲೇತಿನ ಮುಂದೆ ನಿಂತು ಅತ್ತೆ. ಅರವತ್ತು ದಾಟಿದವನು ಅತ್ತರೆ ಚೆಂದ ಕಾಣುವುದಿಲ್ಲ, ಹುಡುಗರನ್ನು ಹೊರಗೆ ಕಳಿಸಿದ್ದೆ.

ಪೆನ್ನು ತಗೊಂಡು ಬರೆದೆ: 'ಹೋಸ್ ಹಾಕಿದ್ದು ಜಂಬುನಾಥ್. ಕಿಟ್ಟಿನದಲ್ಲ, ಡೀಸೆಲ್ ಹೋಸ್. ರೇಣುಕಾ ಕೇಳಿದ್ದಳು, ಬೈದು ಸುಮ್ಮನಾಗಿಸಿದೆ.' ಪುಸ್ತಕವನ್ನು ಮೊಳೆಯಿಂದ ಬಿಚ್ಚಿ, ಬೈಕಿನ ಡಿಕ್ಕಿಯಲ್ಲಿಟ್ಟುಕೊಂಡು ಕಂಪ್ಲಿ ದಾರಿ ಹಿಡಿದೆ.

ಮಿಲ್ಲಿನಲ್ಲಿ ಲೋಡಿಂಗ್ ನಡೆದಿತ್ತು. ಅವತ್ತು ಪಟ್ಟಿಯಲ್ಲಿದ್ದವರೆಲ್ಲ ಇದ್ದರು, ಪಕ್ಕದ ಮಿಲ್ಲುಗಳ ಇಬ್ಬರು ಸಾಹುಕಾರರೂ ಇದ್ದರು. ನಾನು ಪುಸ್ತಕ ತೆರೆದು ಆ ಸಾಲನ್ನು ಗಟ್ಟಿಯಾಗಿ ಓದಿದೆ. “ವೀರೇಶ, ಹೋಸ್ ನಂದು. ಆಕಿ ತಪ್ಪನ್ನ ಆಕಿ ಒಂದು ತಾಸಿನ್ಯಾಗ ಒಪ್ಪಿದ್ಲು, ನಿನ್ನ ಜೀವ ಉಳಿಸಿದ್ಲು. ನನಗ ಹನ್ನೊಂದು ದಿನ ಬೇಕಾದ್ವು. ಇನ್ನ ಯಾರನ್ನ ನಂಬಬೇಕು ನೀವಾ ನೋಡ್ರಿ” ಅಂದೆ.

ವೀರೇಶ ಹತ್ತಿರ ಬಂದು ಆ ಸಾಲನ್ನು ತಾನೂ ಓದಿದ. ಆಮೇಲೆ, “ನಾಕು ನಿಮಿಷ ಜಂಬಣ್ಣ” ಅಂದ. ಅಷ್ಟೇ ಅಂದು ಒಳಗೆ ಹೋದ. ಒಂದು ತಿಂಗಳು ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಹೊಸ ಹೋಸು ತರಿಸಿ ಮತ್ತೆ ಹತ್ತು ತಾಸು ಓಡಿಸಿದ ಮೇಲೆ ವಿಮಾನ ಹಾರಿತು, ಇಳಿಯಿತು, ಕಾಯಿ ಒಡೆಯಿತು. ಬಳ್ಳಾರಿಯವರನ್ನು ಕರೆಸಿದ್ದ ಮಿಲ್ಲುಗಳಲ್ಲಿ ಒಂದು ಈಗ ಮತ್ತೆ ರೇಣುಕಾಗೆ ಫೋನ್ ಮಾಡುತ್ತದೆ. ಇನ್ನೊಂದು ಮಾಡುವುದಿಲ್ಲ.

ಅವತ್ತು ಕಂಪ್ಲಿಯಿಂದ ಶೆಡ್ಡಿಗೆ ಬಂದಾಗ ಅವಳು ಎಂಜಿನ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಪುಸ್ತಕ ಕೈಗೆ ಕೊಟ್ಟೆ. ಕೈ ಒರೆಸಿಕೊಂಡು ಓದಿದಳು, ಎರಡು ಸಲ.

“ತಾರೀಖು ಹಾಕಿಲ್ಲ ಜಂಬಣ್ಣ.”

“ಯಾವ ತಾರೀಖು ಹಾಕ್ಲೆವ್ವ? ಹೋಸ್ ಹಾಕಿದ್ದೋ, ಇವತ್ತಿಂದೋ?”

ಅವಳು ಪೆನ್ನು ನನ್ನ ಕಡೆ ಚಾಚಿದಳು. “ಹಾಕಿದ ದಿನಾನೂ ಬರೀರಿ, ಹೇಳಿದ ದಿನಾನೂ ಬರೀರಿ. ಇದು ರಫ್ ಬುಕ್ಕು.”

ಎರಡನ್ನೂ ಬರೆದೆ.